ನೀರಿಗೆ ಹೋದ ಅಕ್ಕನಿಗೆ

ಹಾನಗಲ್ಲ,
ವಿಳಂಬಿ ಸಂವತ್ಸರದ ಶ್ರಾವಣ, ಪಂಚಮಿ ಹಬ್ಬದ ಮರುದಿನ
(ಈಗಿನವರ ಲೆಕ್ಕದಲ್ಲಿ ೧೯೫೮)

ಪ್ರೀತಿಯ ಅಕ್ಕಾ,

ಹೇಗಿದ್ದೀ? ನಮ್ಮಂಥ ದೇವರಿಗೆ ಸಾವಿಲ್ಲ ನಿಜ, ಆದರೆ ಮೊಣಕಾಲು ನೋಯುವುದಿಲ್ಲ ಎಂದು ಯಾವ ಪುರಾಣದಲ್ಲೂ ಬರೆದಿಲ್ಲ. ನಿನಗಂತೂ ಮೊದಲಿನಿಂದಲೂ ಕಿವಿಗೆ ತಂಗಾಳಿ ಹೊಕ್ಕರೆ ಸಾಕು, ವಾರಗಟ್ಟಲೆ ತಲೆಶೂಲೆ. ಕೆರೆಯ ಏರಿಯ ಮೇಲೆ ಕುಳಿತಿದ್ದೀಯಂತೆ, ಈ ಜಿಟಿಜಿಟಿ ಮಳೆಯಲ್ಲಿ ತಲೆಗೆ ಸೆರಗಾದರೂ ಹೊದ್ದುಕೊಳ್ಳುತ್ತೀಯೋ ಇಲ್ಲವೋ. ಪೂಜಾರಿ ಮೈಮೇಲೆ ನೀರು ಸುರಿದು ಒದ್ದೆಯಲ್ಲೇ ಬಿಟ್ಟು ಹೋಗುವವನಾದರೆ ಅವನ ಕನಸಿಗೆ ಹೋಗಿ ಸ್ವಲ್ಪ ಗದರಿಸು. ಸುಮ್ಮನಿದ್ದರೆ ಈ ಜನ ದೇವರನ್ನೂ ಸಸಾರ ಮಾಡುತ್ತಾರೆ. ನಾನು ಚೆನ್ನಾಗಿದ್ದೇನೆ. ಕಣ್ಣು ಮಾತ್ರ ಮಂಜಾಗಿದೆ. ಸೂಜಿಗೆ ದಾರ ಪೋಣಿಸಲು ಯಾರನ್ನಾದರೂ ಕರೆಯಬೇಕು.

ನಿನ್ನ ಸುದ್ದಿ ಸಿಕ್ಕಿದ್ದು ನೆರೆಮನೆಯ ಉಳಿವೆಪ್ಪನಿಂದ. ಎತ್ತು ನೋಡಲು ಹಿರೇಕೆರೂರಿನ ಕಡೆ ಹೋಗಿದ್ದ. ಬಂದವನು ನಮ್ಮ ಕಟ್ಟೆಯ ಮೇಲೆ ಕುಳಿತು ಎತ್ತಿನ ಹಲ್ಲು, ಕೋಡು, ಸುಳಿ ಎಲ್ಲಾ ಹೇಳಿ ಮುಗಿಸಿ, ಕೊನೆಗೆ ಎಲೆ ಅಡಿಕೆ ಬಾಯಿಗೆ ಹಾಕಿಕೊಳ್ಳುತ್ತ ಅಂದ: "ಅಲ್ಲೊಂದು ಕೆರಿ ಏರಿ ಮ್ಯಾಲ ಕೊಡದವ್ವ ಅಂತ ಒಬ್ಬಾಕಿ ಅದಾಳ ಆಯಿ. ಸೊಂಟದ ಮ್ಯಾಲ ಕಲ್ಲಿನ ಕೊಡ. ಮಂದಿ ಎಷ್ಟ ಸಲ ಮೂಡಣಕ್ಕ ಮಾರಿ ಮಾಡಿ ಕುಂದ್ರಿಸಿದ್ರೂ ಬೆಳಗಾಗೂದ್ರಾಗ ಹಾನಗಲ್ಲ ಕಡೆ ಹೊಳ್ಳಿರ್ತಾಳಂತ." ನನ್ನ ಕೈಯ ಸೂಜಿ ಬಿದ್ದುಹೋಯಿತು. ಊರಿಗೆ ಬಂದವಳು ನೀರಿಗೆ ಬಾರದಿರುವಳೇ ಎಂದು ಇಲ್ಲಿಯ ಜನ ಅನ್ನುತ್ತಾರೆ. ನೀನು ನೀರಿಗೆ ಹೋದವಳು, ಊರಿಗೆ ಬರಲೇ ಇಲ್ಲ. ನೀನು ಕಲ್ಲಾಗಿದ್ದೀ ಎಂದು ಮಾತ್ರ ನಾನು ನಂಬುವುದಿಲ್ಲ. ಕತ್ತು ಹೊರಳಿಸಬಲ್ಲವಳು ಕಾಲನ್ನೂ ಎತ್ತಬಲ್ಲಳು. ನೀನೇ ಬರಬಹುದಿತ್ತಲ್ಲ ಎಂದು ನನ್ನನ್ನು ಕೇಳಬೇಡ. ಬಾಗಿಲಲ್ಲಿ ಕುಳಿತಿರು ಎಂದವಳು ನೀನು. ಸವಣೂರಿಗೆ ಹೋಗಲಿ, ಶಿಗ್ಗಾಂವಿಗೆ ಹೋಗಲಿ, ದೀಪ ಹಚ್ಚುವ ಹೊತ್ತಿಗೆ ಮರಳಿಬಿಡುತ್ತೇನೆ. ನಾನಿಲ್ಲದಾಗ ನೀನು ಬಂದು ನಿಂತರೆ ಏನು ಗತಿ?

ಈಗಿನ ಹಾನಗಲ್ಲನ್ನು ನೋಡಿದರೆ ನೀನು ಗುರುತು ಹಿಡಿಯಲಾರೆ. ಕಚೇರಿ, ಸಂತೆ, ಬತ್ತದ ಚೀಲ, ಹುಬ್ಬಳ್ಳಿಗೆ ಹೋಗುವ ಬಸ್ಸು. ಒಳ್ಳೆಯ ಊರೇ, ಬೈಯಲು ಮನಸ್ಸಿಲ್ಲ. ಆದರೆ ಇದು ನಮ್ಮ ಕಾಲದ ಪಾನುಂಗಲ್ಲು ಅಲ್ಲ. ಜನ ಇಲ್ಲಿ ಪಾಂಡವರು ಅಡಗಿದ್ದರೆಂದು ಮನೆಮನೆಯಲ್ಲಿ ಕಥೆ ಹೇಳುತ್ತಾರೆ. ನಮ್ಮ ಕಥೆ ಯಾರಿಗೂ ಗೊತ್ತಿಲ್ಲ. ಈ ನೆಲದ ಮೇಲೆ ಸುಣ್ಣದ ಹುಡಿಯಿಂದ ಮೊದಲ ಗೆರೆ ಎಳೆದವಳು ನಾನು, ಅದರ ಮೇಲೆ ಮೊದಲ ಕೊಡ ನೀರು ಸುರಿದವಳು ನೀನು. ಗೆರೆ ಹೋದಲ್ಲಿ ಬೀದಿಯಾಯಿತು, ನೀರು ನಿಂತಲ್ಲಿ ಆನೆಕೆರೆಯಾಯಿತು. ಬಣ್ಣ ಅರೆಯುವವರು, ಕಲ್ಲು ಕಡೆಯುವವರು, ಗೋಡೆಗೆ ಚಿತ್ರ ಬರೆಯುವವರು ಕೆಲಸಕ್ಕೆ ಕೈಹಚ್ಚುವ ಮೊದಲು ಗೆರೆಯವ್ವಾ ಎಂದು ನನ್ನನ್ನು ಕರೆಯುತ್ತಿದ್ದರು. ಗುಡಿಯ ಛಾವಣಿಯ ದೊಡ್ಡ ಕಮಲವನ್ನು ಇದ್ದಿಲಿನಲ್ಲಿ ಬರೆದುಕೊಟ್ಟಾಗ ನೀನು ಕೆಳಗೆ ನಿಂತು, "ಒಂದ ಎಸಳು ಸೊಟ್ಟ ಆಗೈತಿ ನೋಡು," ಅಂದಿದ್ದೆ. ಆವತ್ತೂ ಅದು ಸೊಟ್ಟ ಇರಲಿಲ್ಲ, ಈಗಲೂ ಇಲ್ಲ. ಹೋದ ಸೋಮವಾರ ಮತ್ತೆ ನೋಡಿ ಬಂದೆ.

ಆ ದಿನದ ಮಾತು ಬರೆಯಬಾರದು ಅಂದುಕೊಂಡಿದ್ದೆ, ಕೈ ಕೇಳುತ್ತಿಲ್ಲ. ಹೊರಗಿನ ದಂಡು ಕೋಟೆಯೊಳಗೆ ನುಗ್ಗಿ ನಮ್ಮ ಕೇರಿಗೆ ಬೆಂಕಿ ಇಟ್ಟಾಗ ನಾನು ಗೋಡೆಗೆ ಬೆನ್ನು ಕೊಟ್ಟು ಕುಳಿತುಬಿಟ್ಟೆ. ನನ್ನ ಚಿತ್ರಗಳ ಬಣ್ಣ ನನ್ನ ಕಣ್ಣೆದುರೇ ಕುದಿದು ಇಳಿಯುತ್ತಿತ್ತು. ನೀನು ಕೊಡ ಎತ್ತಿ ಸೊಂಟಕ್ಕಿಟ್ಟುಕೊಂಡೆ. "ಒಂದ ಕೊಡ ನೀರ ತಂದಬಿಡ್ತೇನಿ. ನೀ ಬಾಗಲಾ ಮುಂದ ಮಾಡ್ಕೊಂಡ ಕುಂದ್ರು, ಅಗಳಿ ಹಾಕಬ್ಯಾಡ," ಅಂದೆ. ನಾನು ಅಗಳಿ ಹಾಕಲಿಲ್ಲ ಅಕ್ಕಾ. ಬಾಗಿಲು ಸುಟ್ಟಿತು, ಗೋಡೆ ಬಿತ್ತು, ಕೇರಿಗೆ ಕೇರಿಯೇ ಬಿತ್ತು, ಎಷ್ಟೋ ರಾಜರು ಬಂದು ಹೋದರು, ನಾನು ಹೊಸ್ತಿಲ ಮೇಲೆ ಕುಳಿತೇ ಇದ್ದೆ. ಈಗ ಆ ಹೊಸ್ತಿಲ ಕಲ್ಲು ಗುದ್ಲೆಪ್ಪ ಎಂಬ ಒಕ್ಕಲಿಗನ ಹಿತ್ತಿಲಲ್ಲಿ ಬಟ್ಟೆ ಒಗೆಯುವ ಬಂಡೆಯಾಗಿದೆ. ಕೋಟೆಯ ಹಳೆಯ ಮಣ್ಣು ಹೊಲಕ್ಕೆ ಒಳ್ಳೆಯದೆಂದು ಜನ ಗಾಡಿಗಟ್ಟಲೆ ಹೇರಿಕೊಂಡು ಹೋಗುತ್ತಾರೆ. ಮನುಷ್ಯಳಾಗಿದ್ದರೆ ಇಷ್ಟರಲ್ಲಿ ಸತ್ತು ಎಲ್ಲಾ ಮರೆಯುತ್ತಿದ್ದೆ. ನಮಗೆ ಆ ಸೌಕರ್ಯ ಇಲ್ಲ.

ಆ ಕಲ್ಲು ಇರುವ ಮನೆ ಎಂದೇ ನಾನು ಗುದ್ಲೆಪ್ಪನ ಪಡಸಾಲೆ ಸೇರಿಕೊಂಡೆ. ಅವನ ಹೆಂಡತಿ ನಾಗವ್ವ ನನ್ನನ್ನು ದಿಕ್ಕಿಲ್ಲದ ಮುದುಕಿ ಅಂದುಕೊಂಡಿದ್ದಾಳೆ. ಆಯಿ ಎನ್ನುತ್ತಾಳೆ, ಬಿಸಿ ರೊಟ್ಟಿ ಕೊಡುತ್ತಾಳೆ. ನಾನು ಕೌದಿ ಹೊಲಿಯುತ್ತೇನೆ. ಕಲ್ಲು ಬಿತ್ತು, ಬಣ್ಣ ಸುಟ್ಟಿತು, ಇನ್ನು ಹಳೆಯ ಬಟ್ಟೆಯನ್ನಾದರೂ ನಂಬೋಣ ಎಂದು ನಮ್ಮ ಊರನ್ನೇ ಒಂದು ಕೌದಿಯಲ್ಲಿ ಹೊಲಿಯತೊಡಗಿದೆ. ಕೋಟೆಗೋಡೆಗೆ ಶಿಗ್ಗಾಂವಿಯ ಕಾಳಿನ ವ್ಯಾಪಾರಿಯ ಹೆಂಡತಿ ಹಳೆಯ ಬಿಳಿ ಧೋತರ ಕೊಟ್ಟಳು. ಆನೆಕೆರೆಗೆ ನಾಗವ್ವನ ಮಗಳು ಸುಶೀಲವ್ವನ ಮಾಸಿದ ನೀಲಿ ಸೀರೆ. ರಾಜಬೀದಿಗೆ ಮಖಮಲ್ಲೇ ಬೇಕೆಂದು ಹಟ ಹಿಡಿದು ಸವಣೂರಿಗೆ ಹೋದೆ. ಅಲ್ಲಿ ಕುಲಸುಮಬಿ ಎಂಬವಳಿದ್ದಾಳೆ, ನವಾಬರ ಮನೆಗೆ ಬಟ್ಟೆ ಹೊಲಿದ ಮನೆತನ. ಯಾಕೆ ಬೇಕು ಎಂದು ಕೇಳಿದಳು. ನನ್ನದೊಂದು ಊರು ಹಾಳಾಯಿತು ಎಂದೆ. ಅವಳು ನಗಲಿಲ್ಲ. "ನವಾಬರ ಆಳಿಕಿ ಹೋಗಿ ನಾಕೈದ ವರ್ಷ ಆತು ಆಯಿ. ಕಾಲು ಇನ್ನಾ ಅರಮನಿ ಕಡೆನ ನಡೀತಾವ," ಎಂದು ಪೆಟ್ಟಿಗೆಯ ತಳದಿಂದ ಹಸಿರು ಮಖಮಲ್ಲಿನ ತುಂಡು ತೆಗೆದುಕೊಟ್ಟಳು. ಅಂದಿನಿಂದ ನಾವಿಬ್ಬರೂ ಗೆಳತಿಯರು. ತಿಂಗಳಿಗೊಮ್ಮೆಯಾದರೂ ಹೋಗಿ ಅವಳ ಜೊತೆ ಎಲೆ ಮೆಲ್ಲುತ್ತ ಕುಳಿತು ಬರುತ್ತೇನೆ.

ಈ ಕಡೆ ಕೌದಿಗೆ ಒಂದು ಪದ್ಧತಿ ಇದೆ. ನಡುವೆ ಅಂಗೈಯಗಲ ಜಾಗ ಬಿಟ್ಟು ಸುತ್ತಲೂ ಹೊಲಿದು, ಎಲ್ಲಾ ಮುಗಿದ ಮೇಲೆ ಅಲ್ಲಿ ರೊಟ್ಟಿಯ ಚೂರು ಇಟ್ಟು ಮೇಲೊಂದು ತುಂಡು ಹಾಕಿ ಮುಚ್ಚುತ್ತಾರೆ. ಅದು ಕೌದಿಯ ಹೊಟ್ಟೆ. ಹೊಟ್ಟೆ ತುಂಬದ ಕೌದಿ ಹಸಿದಿರುತ್ತದೆ, ಹೊದ್ದವರಿಗೆ ನಿದ್ದೆ ಕೊಡುವುದಿಲ್ಲ ಎನ್ನುತ್ತಾರೆ. ನಾನು ಆ ಹೊಟ್ಟೆಯನ್ನು ಕೌದಿಯ ಊರಿನಲ್ಲಿ ನಮ್ಮ ಮನೆ ಬರುವ ಜಾಗದಲ್ಲಿ ಬಿಟ್ಟೆ, ಬಿಟ್ಟವಳು ಮುಚ್ಚಲಿಲ್ಲ. ಅಗಳಿ ಹಾಕಬೇಡ ಎಂದಿದ್ದೆಯಲ್ಲ. ನೀನು ಬಂದು ನಿನ್ನ ಕೈಯಿಂದ ರೊಟ್ಟಿ ಇಟ್ಟ ದಿನ ನಮ್ಮ ಊರು ಪೂರ್ತಿಯಾಗುತ್ತದೆ ಎಂದು ಕೌದಿಯನ್ನು ಮಡಿಚಿ ಪಡಸಾಲೆಯ ಗಳದ ಮೇಲೆ ಹಾಕಿದ್ದೆ. ಪಂಚಮಿ ಬಂದಾಗಲೆಲ್ಲಾ ಊರ ಹೆಣ್ಣುಮಕ್ಕಳು ತವರಿಗೆ ಬಂದು ಜೋಕಾಲಿ ಜೀಕುವುದನ್ನು ನೋಡಿ, ಆ ಕೌದಿ ತೆಗೆದು, ಹೊಟ್ಟೆಯೊಳಗೆ ಬೆರಳಾಡಿಸಿ ಮತ್ತೆ ಮಡಿಚಿಡುತ್ತಿದ್ದೆ. ನಿನಗೆಂದು ಎತ್ತಿಟ್ಟ ಉಂಡಿ ಇರುವೆ ಪಾಲಾಗುತ್ತಿತ್ತು.

ಸುಶೀಲವ್ವನನ್ನು ಹತ್ತಿಮತ್ತೂರಿಗೆ ಕೊಟ್ಟಿದ್ದಾರೆ. ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಾಳೆ. ಹೆಣ್ಣು ಕೂಸು, ಮುಷ್ಟಿಯಷ್ಟಿದೆ, ಗಂಟಲು ಮಾತ್ರ ದಂಡಿನವರದು. ಹಬ್ಬದ ಹಿಂದಿನ ದಿನ ನಾನು ಸವಣೂರಿಗೆ ಹೋಗಿದ್ದೆ. ಇಲ್ಲಿ ಮಳೆ ಹಿಡಿದು, ಮನೆಯಲ್ಲಿ ಒಣಗಿದ ಬಟ್ಟೆ ಒಂದೂ ಉಳಿದಿರಲಿಲ್ಲ, ಕೂಸು ತಂಡಿಗೆ ನೀಲಿಗಟ್ಟುತ್ತಿತ್ತಂತೆ. ನಾಗವ್ವ ಗಳದಿಂದ ನನ್ನ ಕೌದಿ ಇಳಿಸಿದಳು. ಇಳಿಸಿದರೆ ಹೊಟ್ಟೆ ಬರಿದು! ಜೋಳದ ರೊಟ್ಟಿಯ ಚೂರು ಮುರಿದಿಟ್ಟು, ತನ್ನ ಅವ್ವನ ಧಾರೆ ಸೀರೆಯ ಕೆಂಪು ಸೆರಗು ಕತ್ತರಿಸಿ ಮೇಲೆ ಹಾಕಿ ಹೊಲಿದೇಬಿಟ್ಟಳು. ನಾನು ಬರುವಷ್ಟರಲ್ಲಿ ಕೂಸು ಅದರಲ್ಲಿ ಮಲಗಿತ್ತು. ನಾಗವ್ವನಿಗೆ ತಾನು ದೊಡ್ಡ ಉಪಕಾರ ಮಾಡಿದ ಹೆಮ್ಮೆ. "ನಿಮಗ ಕಣ್ಣ ಕಾಣೂದಿಲ್ಲ ಆಯಿ, ಮರತೀರಿ ಅಂತ ನಾನ ಹೊಲದೆ. ಹಸದ ಕೌದಿ ಕೂಸಿಗೆ ಹೆಂಗ ಹೊಚ್ಚೂದ್ರಿ?" ಅಂದಳು.

ಅಕ್ಕಾ, ಆ ಗಳಿಗೆಯಲ್ಲಿ ನನಗೆ ಬಂದ ಸಿಟ್ಟು ಆ ದಂಡಿನ ಮೇಲೂ ಬಂದಿರಲಿಲ್ಲ. ಕೋಟೆ ಕೊಳ್ಳೆ ಹೋದ ಮೇಲೆ ಬಾಗಿಲು ಹಾಕಿದರಂತೆ ಎಂದು ಗಾದೆ ಇದೆಯಲ್ಲ, ಇವಳು ಅದನ್ನೇ ಮಾಡಿ ತೋರಿಸಿದ್ದಳು. ಬೆಂಕಿಗೆ ಆಗದ್ದು, ಕಾಲಕ್ಕೆ ಆಗದ್ದು, ಈ ಹೆಂಗಸಿಗೆ ಒಂದು ಚೂರು ರೊಟ್ಟಿಯಿಂದ ಆಗಿಹೋಯಿತು. ಹೊಲಿಗೆಯಾದರೂ ನೆಟ್ಟಗಿದೆಯೇ? ಕೋಳಿ ಕೆದರಿದ ಹಾಗಿದೆ. ಬಿಚ್ಚಿಬಿಡುತ್ತೇನೆ ಎಂದು ಕತ್ತರಿ ಹಿಡಿದು ಕೂಸಿನ ಪಕ್ಕ ಕುಳಿತು ದಾರದ ತುದಿ ಹುಡುಕಿದೆ. ಆಗ ಆ ಪುಣ್ಯವಂತೆ ನಿದ್ದೆಯಲ್ಲೇ ಉಚ್ಚೆ ಹೊಯ್ದಳು. ಅದು ಬೆಚ್ಚಗೆ ಹರಿದು ಕೆಂಪು ಬಾಗಿಲು ದಾಟಿ, ಕುಲಸುಮಬಿಯ ಮಖಮಲ್ಲು ತೋಯಿಸಿ, ಆನೆಕೆರೆಗೆ ಹೋಗಿ ನಿಂತಿತು. ಮೊದಲ ದಿನ ನೀನು ಕೊಡ ಸುರಿದಾಗ ನೀರು ಹರಿದದ್ದೂ ಅದೇ ದಾರಿಯಲ್ಲಿ. ನಾನು ಕತ್ತರಿ ಕೆಳಗಿಟ್ಟೆ. ನಮ್ಮ ಊರು ಬಿದ್ದ ಮೇಲೆ ಅದರೊಳಗೆ ಒಂದು ಜೀವ ಕಣ್ಣುಮುಚ್ಚಿ ಮಲಗಿದ್ದು ಇದೇ ಮೊದಲು. ಇಷ್ಟು ಕಾಲ ನಾನು ಊರನ್ನು ಕಾದೆನೇ ಹೊರತು ಅದರಲ್ಲಿ ಯಾರನ್ನೂ ಇರಗೊಡಲಿಲ್ಲ. ಅತ್ತೆ, ಬಹಳ ಅತ್ತೆ. ನಾಗವ್ವ ಮಖಮಲ್ಲು ಕೆಟ್ಟಿತೆಂದು ನಾನು ಅಳುತ್ತಿದ್ದೇನೆ ಅಂದುಕೊಂಡಳು, ಪಾಪ. ಮರುದಿನ ಮಳೆ ಹೊಳವಾದ ಕೂಡಲೇ ಕೌದಿಯನ್ನು ಹಿತ್ತಿಲಿಗೆ ಒಯ್ದು, ಆ ನಮ್ಮ ಕಲ್ಲಿನ ಮೇಲೆಯೇ ಹಾಕಿ ತಿಕ್ಕಿ ತಿಕ್ಕಿ ಒಗೆದಳು.

ಇಷ್ಟೇ ಸುದ್ದಿ. ಉಳಿವೆಪ್ಪ ಎತ್ತು ತರಲು ಇವತ್ತು ಮತ್ತೆ ಆ ಕಡೆ ಹೊರಟಿದ್ದಾನೆ. ಈ ಪತ್ರದ ಜೊತೆ ಒಂದು ಕುಬಸದ ಖಣ ಮತ್ತು ಪಂಚಮಿಯ ಎಳ್ಳುಂಡಿ ಕಳಿಸಿದ್ದೇನೆ, ನಿನ್ನ ಮಡಿಲಿಗೆ ಇಡಲು ಹೇಳಿದ್ದೇನೆ. ಮುದುಕಿಗೆ ಮಳ್ಳು ಹಿಡಿದಿದೆ ಎಂದು ನಕ್ಕ, ಆದರೂ ಇಡುತ್ತಾನೆ. ಹಿಂದಿನ ಅಕ್ಷರಗಳಲ್ಲಿ ಬರೆಯೋಣವೆಂದಿದ್ದೆ, ದಾರಿಯಲ್ಲಿ ಯಾರಾದರೂ ನೋಡಿ ಶಾಸನವೆಂದು ಹಿಡಿದಿಟ್ಟುಕೊಂಡಾರು ಎಂದು ಈಗಿನ ಅಕ್ಷರಗಳಲ್ಲೇ ಬರೆದಿದ್ದೇನೆ. ನಿನ್ನ ಕೆರೆ ತುಂಬಿರಲಿ, ನಿನ್ನ ಏರಿ ಗಟ್ಟಿಯಿರಲಿ, ನೀರಿಗೆ ಬರುವ ಹೆಣ್ಣುಮಕ್ಕಳ ಕೊಡ ಒಡೆಯದಿರಲಿ. ಅಲ್ಲಿ ನಿನ್ನನ್ನು ನೋಡಿಕೊಳ್ಳುವವರಿಗೆಲ್ಲಾ ನನ್ನ ನೆನಪು ಹೇಳು.

ನಿನ್ನ ತಂಗಿ,
ಗೆರೆಯವ್ವ

ತಾ.ಕ.: ಉಳಿವೆಪ್ಪ ಕೂಗುತ್ತಿದ್ದಾನೆ, ಬೇಗ ಬರೆಯುತ್ತೇನೆ. ಅಕ್ಕಾ, ಇನ್ನು ಹಾನಗಲ್ಲಿಗೆ ಬರಬೇಡ. ಬಾಣಂತನ ಮುಗಿದ ಮೇಲೆ ಸುಶೀಲವ್ವ ಕೂಸನ್ನೂ ಕೌದಿಯನ್ನೂ ತೆಗೆದುಕೊಂಡು ಹತ್ತಿಮತ್ತೂರಿಗೆ ಹೋಗುತ್ತಾಳೆ. ಊರು ಹೋದಲ್ಲಿಗೆ ನಾನೂ ಹೋಗಬೇಕಲ್ಲ, ಅದೇ ಗಾಡಿ ಹತ್ತುತ್ತೇನೆ. ನೀನು ಅಲ್ಲಿಗೇ ಬಾ. ತೊಟ್ಟಿಲು ಇರುವ ಮನೆ ಕೇಳು. ಕೌದಿಯ ನಡುವಿನ ಕೆಂಪು ತುಂಡು ನಮ್ಮ ಬಾಗಿಲು. ಮುಚ್ಚಿದೆ ಎಂದು ತಿರುಗಿ ಹೋಗಬೇಡ, ಒಳಗೆ ರೊಟ್ಟಿ ಇದೆ. ಮೆಲ್ಲಗೆ ಬಡಿ, ಕೂಸು ಮಲಗಿರುತ್ತದೆ. ಆ ಕೊಡದ ನೀರನ್ನು ದಾರಿಯಲ್ಲಿ ಚೆಲ್ಲಬೇಡ. ಉರಿ ಎಂದೋ ಆರಿತು. ಕೂಸಿಗೆ ಎರೆಯಲು ಬೇಕು.