ಕೂದಲೆಳೆಯ ಅಂತರ

ಪ್ರೀತಿಯ ಗೆದೆ ಅಣ್ಣನಿಗೆ,

ಜಕಾರ್ತಾದಲ್ಲಿ ಯಂತ್ರದ ಗದ್ದಲವನ್ನೇ ಸಂಗೀತವಾಗಿ ನುಡಿಸುವ ನನ್ನ ಕಛೇರಿ ಮುಗಿಯಿತು. ನಡುವೆ ಯಂತ್ರ ನಿಜವಾಗಿಯೇ ಕೆಟ್ಟು ಒದರತೊಡಗಿತು. ನಾನು ಕೈಕಟ್ಟಿ ನಿಂತೆ. ಜನ ಎದ್ದು ಚಪ್ಪಾಳೆ ತಟ್ಟಿದರು. ಇಷ್ಟು ವರ್ಷ ನಾನು ಬೇಕೆಂದೇ ಕೆಡಿಸಿದ ಸದ್ದಿಗೂ ಇದಕ್ಕೂ ಯಾರಿಗೂ ವ್ಯತ್ಯಾಸ ತಿಳಿಯಲಿಲ್ಲ. ನೀನಿದ್ದಿದ್ದರೆ, "ಲೋ ಕೊಮಾಂಗ್, ನಿನ್ ಮಿಕ್ಸಿ ಸುಟ್ಟೋಯ್ತು ಕಣೋ!" ಎಂದು ಕೂಗಿರುತ್ತಿದ್ದೆ.

ಅತ್ತಿಗೆ ಫೋನಿನಲ್ಲಿ ಒಂದು ಸುದ್ದಿ ಹೇಳಿದರು. ನಮ್ಮಿಬ್ಬರ ಕಂಚಿನ ಪಟ್ಟಿಗಳ ಗಾಂಸಾ ವಾದ್ಯಗಳ ಶ್ರುತಿ ಒಂದಕ್ಕೊಂದು ಕೂಡುತ್ತಿಲ್ಲವೆಂದು ಕೇರಿಯ ಹುಡುಗರು ಮೊಬೈಲಿನಲ್ಲಿ ಅಳೆದು ಹೇಳಿದ್ದಾರಂತೆ. ಅರದಿಂದ ಉಜ್ಜಿಸಿ ಎರಡನ್ನೂ ಸಮ ಮಾಡಿಸುತ್ತಾರಂತೆ. ದಯವಿಟ್ಟು ಒಪ್ಪಬೇಡ. ಅಪ್ಪ ಬೇಕೆಂದೇ ನನ್ನದರ ಶ್ರುತಿಯನ್ನು ನಿನ್ನದಕ್ಕಿಂತ ಕೂದಲೆಳೆಯಷ್ಟು ಮೇಲಿಟ್ಟಿದ್ದರು. ಜೊತೆಯಾಗಿ ಬಾರಿಸಿದಾಗ ಆ ಅಂತರದಿಂದಲೇ ನಾದ ಅಲೆಯಂತೆ ನಡುಗುತ್ತಿತ್ತು. ಊರೂರು ಅಲೆದು ನಾನು ಯಂತ್ರಗಳಲ್ಲಿ ಹುಡುಕಿದ್ದು ಅದನ್ನೇ. ಒಬ್ಬನೇ ಬಾರಿಸಿದರೆ ಆ ಅಲೆ ಏಳುವುದಿಲ್ಲ.

ದಣಿದಿದ್ದೇನೆ ಅಣ್ಣ. ಗಲುಂಗಾನ್ ಹಬ್ಬಕ್ಕೆ ಊರಿಗೆ ಬರುತ್ತೇನೆ, ಯಂತ್ರ ತರುವುದಿಲ್ಲ. ಗಾಂಸಾ ಬಾರಿಸುವ ನನ್ನ ಸುತ್ತಿಗೆಯ ಹಿಡಿ ಸಡಿಲವಾಗಿತ್ತು, ಅದನ್ನಷ್ಟು ಬಿಗಿ ಮಾಡಿಸಿಡು. ನಮ್ಮಿಬ್ಬರ ನಡುವೆ ಕೂಡದೆ ಉಳಿದದ್ದನ್ನು ಮಾತ್ರ ಯಾರೂ ಸರಿಮಾಡದಂತೆ ನೋಡಿಕೋ.

ನಿನ್ನ ತಮ್ಮ,
ಕೊಮಾಂಗ್ ಸುದಾರ್ತ