ಉಸಿರು ಸಮವಾದಾಗ ಹಾಕಬೇಕಾದ ಸಹಿ

ಅತ್ತಾವರ, ಮಂಗಳೂರು
೧೧ನೇ ನವೆಂಬರ್ ೧೯೩೬

ಮನೋರಮೆಯ ತಂದೆಯವರಿಗೆ ಸತ್ಯವತಿಯ ನಮಸ್ಕಾರಗಳು.

ನಿಮ್ಮ ಆರೋಗ್ಯ ಹೇಗಿದೆ? ಗಂಗೆಯ ದಡದಲ್ಲಿ ಈಗಲೇ ಚಳಿ ಹಿಡಿದಿದೆ, ಆಶ್ರಮದಲ್ಲಿ ತಲೆಗೆ ಒಂದೇ ಕಂಬಳಿ ಎಂದು ಬರೆದಿದ್ದಿರಿ. ಎರಡನೆಯ ಕಂಬಳಿಯಿಂದ ವೈರಾಗ್ಯಕ್ಕೆ ಅಡ್ಡಿಯಿಲ್ಲವಾದರೆ ತಿಳಿಸಿ, ಕಳುಹಿಸುತ್ತೇನೆ. ಇಲ್ಲಿ ಮಳೆ ನಿಂತಿದೆ, ನಾವೆಲ್ಲ ಸುಖವಾಗಿದ್ದೇವೆ. ನಿಮ್ಮ ತಮ್ಮ ಚಕ್ರಪಾಣಿ ದೇವಸ್ಥಾನದ ಪೂಜೆಯನ್ನು ಒಂದು ದಿನವೂ ತಪ್ಪಿಸಿಲ್ಲ. ಮನೋರಮೆಗೆ ಒಂಬತ್ತು ತುಂಬಿತು. ಶಾಲೆಗೆ ನಿಮ್ಮ ಕೊಡೆಯನ್ನೇ ಒಯ್ಯುತ್ತಾಳೆ, ಬಿಸಿಲಾದರೂ ಸರಿ, ಮೋಡವಾದರೂ ಸರಿ. ಕೊಡೆ ಅವಳಿಗಿಂತ ಉದ್ದವಿದೆ. ನೀವು ಹೊರಟ ದಿನ ಅದನ್ನು ನಾನು ಕೈಗೆ ಕೊಟ್ಟಾಗ, ನಲವತ್ತೆಂಟು ದಿನದಲ್ಲಿ ಬರುವವನಿಗೆ ಕೊಡೆ ಯಾಕೆ ಎಂದು ಮೂಲೆಗಿಟ್ಟು ಹೋಗಿದ್ದಿರಿ. ಈ ತಿಂಗಳಿಗೆ ಮೂರು ವರ್ಷವಾಯಿತು. ದೂರುತ್ತಿಲ್ಲ, ಲೆಕ್ಕ ನೆನಪಿತ್ತು, ಬರೆದೆ.

ಅತ್ತೆಯವರ ಉಬ್ಬಸದ ವಿಷಯ ಕೇಳಿದ್ದೀರಿ. ಈ ಮಳೆಗಾಲದಲ್ಲಿ ಅವರು ಕಷಾಯ ಮುಟ್ಟಲೇ ಇಲ್ಲ. ಜಡಿಮಳೆಯ ಆಟಿ ತಿಂಗಳಲ್ಲಿ ಕೂಡ ಗೋಡೆಗೆ ಒರಗದೆ ಮಲಗಿದರು. ಅದು ನಿಮ್ಮ ಪಾಠಗಳ ಪುಣ್ಯ ಎಂದು ಒಪ್ಪಿಕೊಳ್ಳಲೇಬೇಕು. ತಿಂಗಳಿಗೊಂದರಂತೆ ನೀವು ಬರೆದು ಕಳುಹಿಸಿದ ಉಸಿರಿನ ಪಾಠಗಳನ್ನು ನಾನು ಓದಿ ಹೇಳಿದರೆ ಅವರಿಗೆ ತಲೆಗೆ ಹೋಗುತ್ತಿರಲಿಲ್ಲ. ಎಡಹೊಳ್ಳೆ ಚಂದ್ರನ ದಾರಿ, ಇಡಾ. ಬಲಹೊಳ್ಳೆ ಸೂರ್ಯನ ದಾರಿ, ಪಿಂಗಳಾ. ಎರಡೂ ಸಮವಾದರೆ ನಡುವಿನ ಸುಷುಮ್ನೆ ತೆರೆಯುತ್ತದೆ ಎಂದು ಓದಿದರೆ, "ನನ್ನ ಮೂಗಿನಲ್ಲಿ ಸೂರ್ಯ ಚಂದ್ರ ಎಂತ ಮಾಡ್ತಾರೆ ಮಾರಾಯ್ತಿ, ಅಲ್ಲಿ ಕಫ ಮಾತ್ರ ಉಂಟು" ಎನ್ನುತ್ತಿದ್ದರು. ಮೂಗು ಹಿಡಿದರೆ ಬಾಯಿ ತಾನಾಗಿ ತೆರೆಯುತ್ತದೆ ಎಂಬ ಗಾದೆ ಅವರ ಮಟ್ಟಿಗೆ ಅಕ್ಷರಶಃ ನಿಜವಾಯಿತು. ಕೊನೆಗೆ ನಾನೇ ಎದುರು ಕುಳಿತು ಮಾಡಿ ತೋರಿಸಬೇಕಾಯಿತು. ಈ ಮನೆಯಲ್ಲಿ ಗಂಡಸರು ಮೂರು ಹೊತ್ತು ಸಂಧ್ಯಾವಂದನೆಗೆ ಮೂಗು ಹಿಡಿಯುವುದನ್ನು ಕಂಡಿದ್ದೆನೇ ಹೊರತು ನನ್ನ ಮೂಗನ್ನು ನಾನು ನೆಗಡಿಗಲ್ಲದೆ ಮುಟ್ಟಿದವಳಲ್ಲ.

ಹಾಗೆ ಶುರುವಾದದ್ದು ನಿಲ್ಲಲಿಲ್ಲ. ನಾಲ್ಕು ಎಣಿಸಿ ಎಳೆದುಕೊಳ್ಳುವುದು, ಎಂಟು ಎಣಿಸಿ ಬಿಡುವುದು. ಅತ್ತೆಯವರು ಎದ್ದು ಹೋದ ಮೇಲೂ ನಾನು ಕುಳಿತಿರುತ್ತೇನೆ, ಚಾವಡಿಯಲ್ಲಿ ನಿಮ್ಮ ಚಾಪೆಯ ಮೇಲೆ, ಮೂಡುದಿಕ್ಕಿಗೆ ಮುಖ ಮಾಡಿ. ಒಂದು ದಿನ ಸೊಪ್ಪು ಮಾರುವ ಬಾಗಿ ನೇರ ಅಂಗಳಕ್ಕೆ ಬಂದಳು. ನಾನು ಕಣ್ಣು ಬಿಟ್ಟವಳು ಮೂಗಿನಿಂದ ಕೈ ತೆಗೆಯಲು ಮರೆತೆ. "ಎಂತ ಅಮ್ಮ, ನನ್ನ ಹರಿವೆ ಅಷ್ಟು ನಾರ್ತದಾ? ಈಗ ಕಿತ್ತು ತಂದದ್ದು" ಎಂದು ಸಿಟ್ಟಿನಲ್ಲಿ ಬುಟ್ಟಿ ಎತ್ತಿಕೊಂಡು ಹೋದವಳು ನಾಲ್ಕು ದಿನ ಇತ್ತ ತಲೆ ಹಾಕಲಿಲ್ಲ. ಯೋಗದ ವಿಘ್ನಗಳನ್ನು ಬರೆದಿದ್ದಿರಲ್ಲ, ನಿದ್ರೆ, ಸಂಶಯ, ಆಲಸ್ಯ ಎಂದು; ಬಾಗಿಯನ್ನೂ ಸೇರಿಸಿಕೊಳ್ಳಿ.

ನಗೆಯಾಡಿದೆ ಎಂದು ಹಗುರ ಮಾಡಿದ್ದೇನೆಂದು ತಿಳಿಯಬೇಡಿ. ಕಳೆದ ಶ್ರಾವಣದಲ್ಲಿ ಒಂದು ಬೆಳಿಗ್ಗೆ ಎರಡು ಹೊಳ್ಳೆಗಳಲ್ಲೂ ಉಸಿರು ಸಮನಾಗಿ ಹರಿಯಿತು. ಹಂಚಿನ ಕಾರ್ಖಾನೆಯ ಕೂಗು ಕೇಳಿಸಿತು, ಮೈಲುಗಾಡಿ ಸ್ಟೇಷನ್ನಿಗೆ ಬಂದದ್ದು ಕೇಳಿಸಿತು. ಅದರಲ್ಲಿ ಯಾರಾದರೂ ಇಳಿದಿರಬಹುದೇ ಎಂಬ ಯೋಚನೆ ಅಂದು ಬರಲಿಲ್ಲ. ಎರಡೂ ಮುಕ್ಕಾಲು ವರ್ಷದಲ್ಲಿ ಆ ಯೋಚನೆಯಿಲ್ಲದ ಮೊದಲ ಬೆಳಗು ಅದು. ಬೇಸರವೂ ಇಲ್ಲ, ಸಂತೋಷವೂ ಇಲ್ಲ. ಎದ್ದು ನೋಡಿದರೆ ಗಂಜಿ ಉಕ್ಕಿ ಒಲೆ ಆರಿತ್ತು. ಆಮೇಲೆ ಅದು ಆಗಾಗ ಸಿಕ್ಕಿತು, ಈಗ ದಿನವೂ ಸ್ವಲ್ಪ ಹೊತ್ತು ಸಿಗುತ್ತದೆ. ನೀವು ಇದಕ್ಕಾಗಿ ಅಷ್ಟು ದೂರ ಹೋದಿರಿ. ನನಗೆ ನಿಮ್ಮ ಚಾಪೆಯ ಮೇಲೆ, ನಿಮ್ಮ ಕಾಗದಗಳಿಂದಲೇ ಸಿಕ್ಕಿತು. ಇದನ್ನು ಹೆಮ್ಮೆಯಿಂದ ಬರೆಯುತ್ತಿಲ್ಲ.

ಇನ್ನು ನೀವು ಕಳುಹಿಸಿದ ಒಪ್ಪಿಗೆಯ ಕಾಗದ. ತಾಯಿ ಮತ್ತು ಹೆಂಡತಿ ಒಪ್ಪದೆ ಸನ್ಯಾಸ ಕೊಡುವುದಿಲ್ಲ ಎಂದು ನಿಮ್ಮ ಗುರುಗಳು ಹೇಳಿದ್ದು ಸರಿಯಾಗಿಯೇ ಇದೆ. ಅತ್ತೆಯವರಿಗೆ ಹೇಳಿದೆ. ನೀವು ಹುಟ್ಟುವಾಗಲೂ ಉಸಿರೆಳೆಯಲು ಸತಾಯಿಸಿ ಸೂಲಗಿತ್ತಿಯ ಕೈಯಲ್ಲಿ ಪೆಟ್ಟು ತಿಂದವರಂತೆ. ಅದನ್ನು ಹೇಳಿ, "ನನ್ನದು ಎಂತ ಉಂಟು, ನೀನು ಹೇಳಿದ ಹಾಗೆ" ಎಂದು ಒಳಗೆ ಹೋದರು. ಅಲ್ಲಿಗೆ ಭಾರ ಪೂರ್ತಿ ನನ್ನ ಮೇಲೆ ಬಂತು. ಎಡ ಉಸಿರಿನಲ್ಲಿ ಸಹಿ ಹಾಕಿದರೆ ಅದು ಮರುಕದ ಒಪ್ಪಿಗೆ, ಬಲ ಉಸಿರಿನಲ್ಲಿ ಹಾಕಿದರೆ ಕೋಪದ ಒಪ್ಪಿಗೆ, ಎರಡೂ ಸಮವಾದಾಗ ಅತ್ತೆಯವರ ಎದುರು ಗಟ್ಟಿಯಾಗಿ ಓದಿ ಹಾಕಿದರೆ ಮಾತ್ರ ಸಲ್ಲುತ್ತದೆ ಎಂದು ಬರೆದಿದ್ದೀರಿ. ಕಾಗದ ಬಂದು ಹದಿನೆಂಟು ದಿನವಾಯಿತು. ಮೇಲಿನ ಎರಡು ಸಾಲು ನೋಡಿ ಮಡಚಿ ದೇವರ ಪೆಟ್ಟಿಗೆಯಡಿ ಇಟ್ಟಿದ್ದೇನೆ. ಎಡ ನಡೆಯುವಾಗ, ಪಾಪ, ಹೋಗಲಿ ಅನ್ನಿಸುತ್ತದೆ. ಬಲ ನಡೆಯುವಾಗ ಆ ಕೊಡೆ ಕಾಣಿಸುತ್ತದೆ. ಸಮವಾದಾಗ ಹೂಂ ಎನ್ನುವುದಕ್ಕೂ ಊಹೂಂ ಎನ್ನುವುದಕ್ಕೂ ಆಸೆಯೇ ಇರುವುದಿಲ್ಲ, ಏಳುವ ಹೊತ್ತಿಗೆ ಉಸಿರು ಒಂದು ಕಡೆ ವಾಲಿರುತ್ತದೆ. ತಡವಾದದ್ದು ಇದಕ್ಕೆ, ಹಟದಿಂದಲ್ಲ. ನಾಳೆ ಬೆಳಿಗ್ಗೆ ಕಾಗದವನ್ನೂ ಪೆನ್ನನ್ನೂ ಚಾಪೆಯ ಪಕ್ಕದಲ್ಲೇ ಇಟ್ಟುಕೊಳ್ಳುತ್ತೇನೆ. ಸಹಿ ಹಾಕಿ ಇದರೊಳಗೆ ಇಡುತ್ತೇನೆ. ನಾನು ಗಟ್ಟಿಯಾಗಿದ್ದೇನೆ.

ಅತ್ತೆಯವರು ಆಶೀರ್ವಾದ ತಿಳಿಸಿದ್ದಾರೆ, ಚಕ್ರಪಾಣಿ ನಮಸ್ಕಾರ ಹೇಳಿದ್ದಾನೆ. ಮನೋರಮೆ ಕೊಡೆ ಮುರಿದಿಲ್ಲ ಎಂದು ಬರೆಯಲು ಹೇಳಿದಳು. ಲಕೋಟೆಯ ಮೇಲೆ ನಿಮ್ಮ ಹೆಸರು ಎಂದಿನಂತೆ ಚಕ್ರಪಾಣಿಯೇ ಬರೆಯುತ್ತಾನೆ. ಕಂಬಳಿಯ ವಿಷಯ ಮರೆಯಬೇಡಿ.

ಇಂತು,
ಸತ್ಯವತಿ

ತಾ.ಕ.: ಮರುದಿನ ಬೆಳಿಗ್ಗೆ. ಟಪಾಲಿಗೆ ಹೊತ್ತಾಯಿತೆಂದು ಚಕ್ರಪಾಣಿ ಅಂಗಳದಲ್ಲಿ ನಿಂತಿದ್ದಾನೆ. ಉಸಿರು ಸಮವಾಗಿತ್ತು. ಅತ್ತೆಯವರನ್ನು ಕೂರಿಸಿ ಕಾಗದ ಬಿಡಿಸಿ ಗಟ್ಟಿಯಾಗಿ ಓದಿದೆ. ಮೂರನೆಯ ಸಾಲಿನಲ್ಲಿ 'ನನ್ನ ಗಂಡ' ಎಂದು ಬರೆದು ಮುಂದೆ ನಿಮ್ಮ ಹೆಸರಿದೆ. ಓದಬೇಕಲ್ಲ, ಓದಿದೆ. ಮದುವೆಯ ದಿನ ಹೆಂಗಸರೆಲ್ಲ ಬಾಗಿಲು ಅಡ್ಡಗಟ್ಟಿ ನನ್ನಿಂದ ನಿಮ್ಮ ಹೆಸರು ಹೇಳಿಸಿದ್ದು ನೆನಪಿದೆಯೇ? ಒಳಗೆ ಬರಲಿಕ್ಕಾಗಿ ಅಂದು ಹೇಳಿದ್ದು, ಬಿಟ್ಟುಕೊಡಲಿಕ್ಕಾಗಿ ಇಂದು. ನಡುವಿನ ಹದಿಮೂರು ವರ್ಷ ಆ ಹೆಸರು ನನ್ನ ಬಾಯಿಗೆ ಬಂದದ್ದಿಲ್ಲ. ಹೇಳಿದೊಡನೆ ಅಳು ಬಂತು, ತಡೆಯಲಾಗಲಿಲ್ಲ. ಸಹಿ ಹಾಕಿದ್ದೇನೆ, ಕೊಟ್ಟ ಮಾತು. ಆದರೆ ಸುಳ್ಳು ಬರೆಯಲಾರೆ: ಹಾಕುವಾಗ ಎಡವೂ ನಡೆಯುತ್ತಿರಲಿಲ್ಲ, ಬಲವೂ ನಡೆಯುತ್ತಿರಲಿಲ್ಲ. ಎರಡೂ ಕಟ್ಟಿಹೋಗಿ ಬಾಯಲ್ಲಿ ಉಸಿರಾಡುತ್ತಿದ್ದೆ. ಇದರ ಬಗ್ಗೆ ನಿಮ್ಮ ಯಾವ ಪಾಠದಲ್ಲೂ ಇಲ್ಲ, ಹುಡುಕಿ ನೋಡಿದೆ. ಇಂಥ ಸಹಿ ಸಲ್ಲುತ್ತದೆಯೇ ಎಂದು ಗುರುಗಳಲ್ಲಿ ಕೇಳಿ. ಸಲ್ಲದಿದ್ದರೆ ಬನ್ನಿ. ಕಂಬಳಿ ಕಳುಹಿಸುವುದಿಲ್ಲ.