ಅಪ್ಪನ ಅರ್ಧ ಸೀಸೆ ಸೆಂಟು

ಪ್ರೀತಿಯ ಮಾಮಾ,

ನಮಸ್ಕಾರ. ಅಪ್ಪ ಹೋಗಿ ನಾಳೆಗೆ ಮೂರು ತಿಂಗಳು. ಪಾಲಿಶ್ ಶೆಡ್ಡಿನಲ್ಲಿ ಇಪ್ಪತ್ತು ವರ್ಷ ಅವರ ಪಕ್ಕದಲ್ಲೇ ಮೇಜು, ಕುರ್ಚಿ ಉಜ್ಜಿದವರು ನೀವು, ಅದಕ್ಕೇ ನಿಮ್ಮಲ್ಲಿ ಒಂದು ವಸ್ತು ಕೇಳುತ್ತಿದ್ದೇನೆ.

ವಾರ್ನಿಷ್ ವಾಸನೆ ಮುಚ್ಚಲು ಅಪ್ಪ ಸೆಂಟಿನಲ್ಲೇ ಸ್ನಾನ ಮಾಡಿ ಮನೆಗೆ ಹೊರಡುತ್ತಿದ್ದುದು ನಿಮಗೆ ಗೊತ್ತು. ಅವರು ಬೀದಿ ತಿರುವಿನಲ್ಲಿರುವಾಗಲೇ ಸೆಂಟು ನಮ್ಮನೆಗೆ ಬಂದು ಕೂತಿರುತ್ತಿತ್ತು! ಕಣ್ಣು ಕಾಣದ ಅಮ್ಮನಿಗೆ ಅದೇ ಕರೆಗಂಟೆ. "ಬಂದ್ರಪ್ಪ ದೊರೆಗಳು" ಎಂದು ತಟ್ಟೆ ಹಾಕುತ್ತಿದ್ದಳು. ಈಗ ಅವಳಿಗೆ ಮರೆವು. ಅಪ್ಪ ಇಲ್ಲವೆಂದು ಬೆಳಗ್ಗೆ ಹೇಳಿ ಅಳಿಸಿದರೂ ಸಂಜೆ ಎರಡು ತಟ್ಟೆ ಹಾಕಿ ಕಾಯುತ್ತಾಳೆ, ತುತ್ತು ಮುಟ್ಟುವುದಿಲ್ಲ.

ನಿನ್ನೆ ನಾನು ಮಹಾ ಬುದ್ಧಿವಂತನಂತೆ ಅಪ್ಪನ ಸೀಸೆಯಿಂದ ಸೆಂಟು ಹಚ್ಚಿಕೊಂಡು, ತುಟಿ ಬಿಚ್ಚದೆ ಎದುರು ಕೂತೆ. ಅಮ್ಮ ಮೂಗರಳಿಸಿ ನೆಟ್ಟಗೆ ಕೂತಳು.

"ಯಾರಪ್ಪಾ? ನಮ್ಮನೆಯವರು ಇನ್ನೂ ಕೆಲಸದಿಂದ ಬಂದಿಲ್ಲ. ಕೂತಿರಿ, ಬರ್ತಾರೆ."

ಅಪ್ಪ ಜೀವಮಾನವಿಡೀ ಮುಚ್ಚಿಟ್ಟ ವಾರ್ನಿಷ್ ವಾಸನೆಗಾಗಿಯೇ ಅಮ್ಮ ಕಾಯುತ್ತಿದ್ದಾಳೆ ಮಾಮಾ. ಅವರ ಏಪ್ರನ್ ಶೆಡ್ಡಿನ ಮೊಳೆಯಲ್ಲಿ ಇನ್ನೂ ಇದ್ದರೆ ಕಳಿಸಿಕೊಡಿ. ಅತ್ತೆ ಅಚ್ಚುಕಟ್ಟಿನವರು, ದಯವಿಟ್ಟು ಅವರ ಕೈಗೆ ಕೊಡಬೇಡಿ, ಒಗೆದುಬಿಟ್ಟಾರು.

ಅದರ ಮೇಲೆ ಹಚ್ಚಲು ಸೆಂಟು ಇನ್ನೂ ಅರ್ಧ ಸೀಸೆ ಇದೆ.

ಇಂತಿ,
ನಮ್ಮ ಮನೆಗೇ ನೆಂಟನಾದ
ನಿಮ್ಮ ಅಳಿಯ